ನೀರಿನ ಹಿಂದೆ ಇಬ್ಬರು ಬೀಗರು

ನಮ್ಮ ನವಲಗುಂದದ ಕಡೆ ನೀರನ್ನು ನೋಡುವುದಕ್ಕೆಂದು ಯಾರೂ ಮನೆ ಬಿಟ್ಟು ಹೊರಡುವುದಿಲ್ಲ. ತರುವುದಕ್ಕೆ ಹೊರಡುತ್ತಾರೆ. ಬಾವಿ ತೋಡಿದರೆ ಸವಳು ನೀರು ಬರುವ ಎರೆಭೂಮಿ ನಮ್ಮದು. ಕುಡಿಯುವ ನೀರೆಂದರೆ ಕೆರೆಯದೇ. ನನ್ನ ತಾಯಿ ತಲೆಯ ಮೇಲೊಂದು, ಬಗಲಲ್ಲೊಂದು ಕೊಡ ಹೊತ್ತು ಬರುವುದನ್ನು ನೋಡುತ್ತ ಬೆಳೆದವನು ನಾನು. ಹೀಗಿರುವಾಗ ವೇಲ್ಸ್ ದೇಶದ ಒಂದು ಸಣ್ಣ ಊರಿನಲ್ಲಿ, ನನ್ನ ಮಗನ ಬಾಜು ಮನೆಯ ಮುದುಕರು, ನಾಳೆ ಕಾಡಿನ ಕಣಿವೆಯಲ್ಲಿ ನಡೆದು ನೀರು ಬೀಳುವುದನ್ನು ನೋಡಿ ಬರೋಣ ಎಂದಾಗ, ನೋಡಿ ಏನು ಮಾಡುವುದು ಎಂಬ ಮಾತು ನನ್ನ ಬಾಯಿಯ ತನಕ ಬಂದಿತ್ತು. ಆದರೆ ಆಡಲಿಲ್ಲ. ಆ ಹೊತ್ತಿಗೆ ಮನೆಯಿಂದ ಹೊರಬೀಳಲು ನನಗೆ ಯಾವ ನೆಪವಾದರೂ ಸಾಕಾಗಿತ್ತು.

ಮನೆಯೊಳಗೆ

ನನ್ನ ಮಗ ವೀರೇಶ ಅಲ್ಲಿಯ ಆಸ್ಪತ್ರೆಯಲ್ಲಿ ಡಾಕ್ಟರ. ಸೊಸೆ ಶೈಲಾ ಕಲಘಟಗಿ ತಾಲೂಕಿನ ತಂಬೂರದ ಗೌಡರ ಮಗಳು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕೆಂಬುದು ನಮ್ಮ ಪದ್ಧತಿ. ಬಸುರಿ ಹೆಂಗಸನ್ನು ಅಷ್ಟು ದೂರ ಕಳಿಸಲು ಮಗ ಒಪ್ಪದೇ ಹೋದದ್ದರಿಂದ ತವರೇ ವಿಮಾನ ಹತ್ತಿ ಬಂತು. ತವರಿನವರು ಬಂದ ಮೇಲೆ ನಾವು ಸುಮ್ಮನಿರಲಾದೀತೆ? ಅವರ ಬೆನ್ನ ಹಿಂದೆಯೇ ನಾನೂ ನನ್ನ ಹೆಂಡತಿಯೂ ಹತ್ತಿದೆವು. ಎರಡು ಕೋಣೆಯ ಆ ಮನೆಯಲ್ಲಿ ಹೀಗೆ ಬಾಣಂತಿ, ಕೂಸು, ಡಾಕ್ಟರ, ಇಬ್ಬರು ಬೀಗತಿಯರು, ಇಬ್ಬರು ಬೀಗರು ಎಲ್ಲ ಕೂಡಿದೆವು. ಬೀಗತಿಯರಿಗೆ ಕೈತುಂಬ ಕೆಲಸವಿತ್ತು. ಬೀಗರಿಗೆ ಇರಲಿಲ್ಲ. ಅದರಿಂದಲೇ ಎಲ್ಲ ಶುರುವಾದದ್ದು.

ನನ್ನ ಬೀಗರ ಹೆಸರು ರುದ್ರಗೌಡರು. ತಂಬೂರದಲ್ಲಿ ಅಡವಿಯ ಅಂಚಿಗೆ ಅವರ ಭತ್ತದ ಗದ್ದೆ. ಮಾತು ದೊಡ್ಡದು, ಮನಸ್ಸೂ ದೊಡ್ಡದು, ಆದರೆ ಮಾತಿಗೆ ಮೊದಲು ಮನಸ್ಸು ಕಾಣಿಸುವುದಿಲ್ಲ. ಹೆಣ್ಣು ಕೂಸು ಹುಟ್ಟಿತೆಂದು ಗೊತ್ತಾದ ಕ್ಷಣದಲ್ಲೇ ಅವರು ತಮ್ಮ ತಾಯಿ ಅಡಿವೆವ್ವನ ಹೆಸರನ್ನು ಇಟ್ಟುಬಿಟ್ಟಿದ್ದರು. ನಾನು ನನ್ನ ತಾಯಿಯ ಹೆಸರನ್ನು ಅದಕ್ಕಿಂತ ಮೊದಲೇ, ಮಗನ ಮದುವೆಯ ದಿನವೇ ಇಟ್ಟುಕೊಂಡಿದ್ದೆ. ನನ್ನ ತಾಯಿ ಫಕೀರವ್ವ. ಮಕ್ಕಳು ನಿಲ್ಲದೆ ಹೋದಾಗ ನನ್ನ ಅಜ್ಜಿ ಯಮನೂರಿನ ದರ್ಗಾಕ್ಕೆ ಹರಕೆ ಹೊತ್ತು ಪಡೆದ ಮಗಳು ಅವಳು. ಹಾಗಾಗಿ ಹಣೆಗೆ ವಿಭೂತಿ ಹಚ್ಚುವ ನಮ್ಮ ಮನೆಯಲ್ಲಿ ಆ ಹೆಸರು.

ಇಂಗ್ಲಿಷರ ನಾಡಿನಲ್ಲಿ ಬೆಳೆಯುವ ಹುಡುಗಿಗೆ ಅಡಿವೆವ್ವ ಎಂದರೆ ಹೇಗೆ ಎಂದು ನಾನು ಕೇಳಿದೆ. ಫಕೀರವ್ವ ಎಂದರೆ ಅವರೇನು ಆರತಿ ಎತ್ತುತ್ತಾರೆಯೇ ಎಂದು ಅವರು ಕೇಳಿದರು. ಮಾತು ಬೆಳೆಯಿತು. ಅವರ ಊರಿನ ಜಿಗಣೆಗಳ ಬಗ್ಗೆ ನಾನು ಏನೋ ಅಂದೆ. ನಿಮ್ಮ ಊರಿನಲ್ಲಿ ನೆರಳೆಂದರೆ ಮನುಷ್ಯನದು ಮಾತ್ರ, ಗಿಡದ್ದಲ್ಲ ಎಂದು ಅವರು ಅಂದರು. ಆಮೇಲೆ ಮೂರು ದಿನ ನಾವು ಒಬ್ಬರಿಗೊಬ್ಬರು ಮಾತಾಡಲಿಲ್ಲ. ಒಂದೇ ಸೋಫಾದ ಎರಡು ತುದಿಯಲ್ಲಿ ಕುಳಿತು ಎದುರಿನ ಗೋಡೆಯನ್ನು ನೋಡುತ್ತಿದ್ದೆವು. ಅವರಿಗೆ ಚಹಾ ಬೇಕಾದರೆ, ಮಾಸ್ತರರಿಗೆ ಚಹಾ ಬೇಕಾಗಿರಬಹುದು ಎಂದು ಒಳಗೆ ಕೇಳಿಸುವಂತೆ ಹೇಳುತ್ತಿದ್ದರು. ನಾನು ನಿವೃತ್ತ ಹೆಡ್‌ಮಾಸ್ತರ.

ಇವಾನ್ಸ್ ಎಂಬ ಆ ಬಾಜು ಮನೆಯವರು ರೇಲ್ವೆಯಲ್ಲಿದ್ದು ನಿವೃತ್ತರಾದವರು. ಅವರು ಕಾರು ತರುತ್ತೇನೆಂದಾಗ ನಮ್ಮಿಬ್ಬರ ಹೆಂಡಿರ ಮುಖದ ಮೇಲೆ ಬಂದ ಕಳೆಯನ್ನು ನಾನು ಮಗನ ಮದುವೆಯಲ್ಲಿಯೂ ಕಂಡಿರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಬುತ್ತಿ ಕಟ್ಟಿ ಬಾಗಿಲ ಬಳಿ ಇಟ್ಟಿದ್ದರು. ಸಂಜೆಯ ತನಕ ಬರದಿದ್ದರೂ ನಡೆಯುತ್ತದೆ ಎಂದು ನನ್ನಾಕೆ ಹೇಳಿ ಕಳಿಸಿದಳು.

ಗೇಟು

ರುದ್ರಗೌಡರ ವೇಷವನ್ನು ಹೇಳದೆ ಮುಂದೆ ಹೋಗಲಾರೆ. ಕೆಳಗೆ ಅಳಿಯನ ಮೊಣಕಾಲುದ್ದದ ರಬ್ಬರ್ ಬೂಟು, ಅದರೊಳಗೆ ತುರುಕಿದ ಧೋತರ, ಮೇಲೆ ಅಳಿಯನ ಉಣ್ಣೆಯ ಕೋಟು, ಅದರ ಮೇಲೆ ಹೆಗಲ ಟವೆಲ್, ತಲೆಗೆ ಪಟಕಾ. ಕಾರು ನಿಂತ ಕಡೆ ಇದ್ದ ಕುರಿಗಳು ಮೇಯುವುದನ್ನು ಬಿಟ್ಟು ಅವರನ್ನು ನೋಡಿದವು.

ದಾರಿ ಒಂದು ಕಟ್ಟಿಗೆಯ ಗೇಟಿನಿಂದ ಆರಂಭವಾಗುತ್ತಿತ್ತು. ಇವಾನ್ಸ್ ಅದನ್ನು ತೆರೆದರು, ನಮ್ಮನ್ನು ಒಳಗೆ ಬಿಟ್ಟರು, ಮತ್ತೆ ಮುಚ್ಚಿ, ಕೊಂಡಿ ಹಾಕಿ, ಬಿದ್ದಿದೆಯೋ ಇಲ್ಲವೋ ಎಂದು ಅಲುಗಾಡಿಸಿ ನೋಡಿದರು. ನೂರು ಹೆಜ್ಜೆಗೆ ಇನ್ನೊಂದು ಗೇಟು. ಅಲ್ಲೂ ಹಾಗೆಯೇ. ಆ ಕಡೆಗೂ ಈ ಕಡೆಗೂ ದನವಿಲ್ಲ, ಕುರಿಯಿಲ್ಲ. ನಮ್ಮಲ್ಲಾದರೆ ಹೊಲದ ಬಾಯಿಗೆ ಒಂದು ಮುಳ್ಳುಕಂಟಿ ಎಳೆಯುತ್ತೇವೆ, ಅದನ್ನೂ ಹೋಗುವವನು ಸರಿಸುತ್ತಾನೆ, ಬರುವವನು ಮುಚ್ಚಲಿ ಎಂದು ಬಿಡುತ್ತಾನೆ. ಯಾರಿಗಾಗಿ ಈ ಗೇಟು ಎಂದು ನಾನು ಇವಾನ್ಸರನ್ನು ಕೇಳಿದೆ. ಅವರು ಒಂದಿಷ್ಟು ಯೋಚಿಸಿ, ತೆರೆದಿದ್ದನ್ನು ಮುಚ್ಚಬೇಕಲ್ಲವೇ ಎಂದರು.

ಇದಿಷ್ಟು ಅರ್ಥವಾಗಲು ನಾನು ಅವರನ್ನು ಮೂರು ಸಲ ಕೇಳಬೇಕಾಯಿತು. ಜೀವಮಾನವಿಡೀ ಇಂಗ್ಲಿಷ್ ಕಲಿಸಿದವನು ನಾನು. ಆದರೆ ನನ್ನ ಇಂಗ್ಲಿಷ್ ಪುಸ್ತಕದ್ದು, ಅವರ ಇಂಗ್ಲಿಷ್ ಹಾಡಿದ ಹಾಗೆ ಏರಿಳಿಯುವಂಥದ್ದು. ನಾನು ಒಂದು ಮಾತನ್ನು ಹಿಡಿಯುವಷ್ಟರಲ್ಲಿ ಅವರು ಎರಡು ಗೇಟು ಮುಂದೆ ಹೋಗಿರುತ್ತಿದ್ದರು. ರುದ್ರಗೌಡರಿಗೆ ಈ ತೊಂದರೆ ಇರಲಿಲ್ಲ. ಅವರು ತಂಬೂರದ ಕನ್ನಡವನ್ನೇ ದೊಡ್ಡ ದನಿಯಲ್ಲಿ ಆಡುತ್ತಿದ್ದರು. ಇವಾನ್ಸ್ ತಮ್ಮ ಭಾಷೆಯಲ್ಲಿ ಉತ್ತರಿಸುತ್ತಿದ್ದರು. ಇಬ್ಬರೂ ತಲೆಯಾಡಿಸುತ್ತಿದ್ದರು. ನಡುವೆ ಒಂದೆರಡು ಸಲ ನಕ್ಕರು ಕೂಡ. ಯಾವುದಕ್ಕೆಂದು ನನಗೆ ಇಂದಿಗೂ ತಿಳಿದಿಲ್ಲ.

ನನಗೆ ಮುಟ್ಟಬೇಕಾದ ಮಾತುಗಳನ್ನೂ ಬೀಗರು ಇವಾನ್ಸರಿಗೇ ಹೇಳುತ್ತಿದ್ದರು.

"ಎರಿಹೊಲದಾಗ ಬೆಳದ ಮಂದಿಗೆ ಅಡವ್ಯಾಗ ನಡ್ಯಾಕ ಬರೂದಿಲ್ರಿ ಇವಾನಸರ, ಸಾವಕಾಶ ನಡಸ್ರಿ ಅವರ್ನ," ಎಂದರು. ಇವಾನ್ಸ್ ಬಹಳ ಸೊಗಸು ಎಂದರು. ಅದು ಅವರ ಮೆಚ್ಚಿನ ಮಾತು. ಮಳೆ ಬಂದರೂ ಸೊಗಸು, ಕೆಸರಾದರೂ ಸೊಗಸು.

ಬೆಳ್ಳುಳ್ಳಿಯ ಅಡವಿ

ಗೇಟುಗಳು ಮುಗಿದ ಮೇಲೆ ದಾರಿ ಕಣಿವೆಗೆ ಇಳಿಯಿತು. ಎರಡೂ ಕಡೆ ಎತ್ತರದ ಬಂಡೆ, ಬಂಡೆಗೆಲ್ಲ ಹಸಿರು ಪಾಚಿ, ಆಗತಾನೆ ಚಿಗುರಿದ ಗಿಡಗಳು. ಬಿಸಿಲು ಎಲೆಗಳ ನಡುವೆ ಇಳಿದು ನೆಲಕ್ಕೆ ಬರುವಷ್ಟರಲ್ಲಿ ಹಸಿರಾಗಿರುತ್ತಿತ್ತು. ಕೆಳಗೆ ಎಲ್ಲೋ ನೀರು ಹರಿಯುವ ಸದ್ದು. ನಮ್ಮ ಬೆಣ್ಣಿಹಳ್ಳವನ್ನು ಬಿಟ್ಟರೆ ನಾನು ಹತ್ತಿರದಿಂದ ಕಂಡ ಹಳ್ಳವಿಲ್ಲ. ಬೇಸಿಗೆಯಲ್ಲಿ ಅದರಲ್ಲಿ ಹಂದಿ ಮಲಗುವಷ್ಟು ಮಾತ್ರ ನೀರು. ಮಳೆಗಾಲದಲ್ಲಿ ಒಂದು ದಿನ ಬಂದು ಬಂಡಿ ಎತ್ತುಗಳನ್ನು ಕೊಂಡು ಹೋಗುತ್ತದೆ. ಹೀಗೆ ದಿನವೆಲ್ಲ ಒಂದೇ ಹದದಲ್ಲಿ, ಯಾರ ಮೇಲೂ ಸಿಟ್ಟಿಲ್ಲದೆ ಹರಿಯುವ ನೀರು ನನಗೆ ಹೊಸದು.

ಇದ್ದಕ್ಕಿದ್ದಂತೆ ರುದ್ರಗೌಡರು ನಿಂತು ಮೂಗು ಅರಳಿಸಿದರು. ನನಗೂ ಬಂತು ವಾಸನೆ. ಯಾರೋ ಒಗ್ಗರಣೆ ಹಾಕುತ್ತಿದ್ದಾರೆ. ಬೆಳ್ಳುಳ್ಳಿಯ ಒಗ್ಗರಣೆ. ಅಡವಿಯ ನಡುವೆ ಯಾರ ಮನೆಯಿದೆ ಎಂದು ಇಬ್ಬರೂ ಸುತ್ತ ನೋಡಿದೆವು. ಮನೆಯಿರಲಿಲ್ಲ. ಇವಾನ್ಸ್ ಬಗ್ಗಿ ಒಂದು ಎಲೆ ಕಿತ್ತು ಉಜ್ಜಿ ನಮ್ಮ ಮೂಗಿಗೆ ಹಿಡಿದರು. ಕಾಲಡಿಯ ನೆಲಕ್ಕೆಲ್ಲ ಹಾಸಿದಂತಿದ್ದ ಬಿಳಿ ಹೂವಿನ ಗಿಡಗಳೇ ಬೆಳ್ಳುಳ್ಳಿಯ ಜಾತಿಯವು. ಯಾರೂ ಬಿತ್ತಿದ್ದಲ್ಲ, ತಾನಾಗಿಯೇ ಬೆಳೆದದ್ದು. ತಿನ್ನಬಹುದೇ ಎಂದು ನಾನು ಕೇಳಿದೆ. ತಿನ್ನಬಹುದು, ಆಕಳು ತಿಂದರೆ ಹಾಲು ನಾರುತ್ತದೆ ಎಂದರು.

ಬೀಗರು ಅಷ್ಟು ಕೇಳಿದ್ದೇ ತಡ ಹೆಗಲ ಟವೆಲನ್ನು ನೆಲಕ್ಕೆ ಹಾಸಿದರು. ಬಾಣಂತಿಗೆ ಬೆಳ್ಳುಳ್ಳಿಗಿಂತ ಹೆಚ್ಚಿನದು ಯಾವುದಿದೆ? ಬಗ್ಗಿ ಎಲೆ ಕೀಳತೊಡಗಿದರು. ಎದುರಿನಿಂದ ಬಂದ ಒಬ್ಬ ಹೆಂಗಸು ನಮಗೆಲ್ಲ ಶುಭದಿನ ಹೇಳಿ, ಪಟಕಾ ಸುತ್ತಿದವರೊಬ್ಬರು ಹುಲ್ಲು ಹೆರೆಯುತ್ತಿರುವುದು ದಿನನಿತ್ಯದ ನೋಟ ಎಂಬಂತೆ ಪಕ್ಕಕ್ಕೆ ಸರಿದು ಹೋದಳು. ಅಲ್ಲಿಯ ಜನರ ದೊಡ್ಡ ಗುಣ ಅದು. ನಮ್ಮ ಸಂತೆಯಲ್ಲಿ ಒಬ್ಬ ಬಿಳಿಯನು ಬಗ್ಗಿ ಮೇವು ಕಿತ್ತಿದ್ದರೆ ಇಡೀ ನವಲಗುಂದ ಸುತ್ತ ನಿಂತು ಅವನಿಗೆ ಸಲಹೆ ಕೊಡುತ್ತಿತ್ತು.

ಗಂಟು ತಲೆದಿಂಬಿನಷ್ಟಾಯಿತು. ಅದನ್ನು ಬಗಲಲ್ಲಿ ಒತ್ತಿಕೊಂಡು ಬೀಗರು ಮುಂದೆ ಹೊರಟರು. ಈ ಅಡವಿಯಲ್ಲಿ ಯಾವ ಪ್ರಾಣಿಗಳಿವೆ ಎಂದು ಕೇಳಿದರು. ಅನಿವಾರ್ಯವಾಗಿ ನಾನು ಅನುವಾದ ಮಾಡಿದೆ. ಅಳಿಲು ಇದೆ ಎಂದರು ಇವಾನ್ಸ್. ಅದೃಷ್ಟವಿದ್ದರೆ ನರಿ. ಕರಡಿಯ ಹೆಜ್ಜೆ, ಕಾಡುಹಂದಿಯ ಮಸೆತದ ನಡುವೆ ಬೆಳೆದ ರುದ್ರಗೌಡರ ಮುಖ ಸಣ್ಣದಾಯಿತು. ಇದು ಅಡವಿಯಲ್ಲ, ಹಿತ್ತಲ ಎಂದು ತೀರ್ಪು ಕೊಟ್ಟರು.

ಧಬಧಬಿ

ಜಲಪಾತಕ್ಕೆ ನಮ್ಮ ಕಡೆ ಧಬಧಬಿ ಎನ್ನುತ್ತೇವೆ. ಮೊದಲಿನದು ನನ್ನ ಎತ್ತರದ್ದು. ಎರಡನೆಯದು ನಮ್ಮೂರ ಅಗಸಿ ಬಾಗಿಲಿನಷ್ಟು. ಗೋಕಾಕದ ಧಬಧಬಿಯನ್ನು ಮಳೆಗಾಲದಲ್ಲಿ ನೋಡಿಬಂದಿದ್ದ ಬೀಗರು, ಇದನ್ನು ನೋಡಲು ಪೆಟ್ರೋಲು ಸುಟ್ಟು ಬಂದೆವೇ ಎಂದು ಇವಾನ್ಸರನ್ನು ಕನ್ನಡದಲ್ಲಿ ಕೇಳಿದರು. ಅವರು ಬಹಳ ಸೊಗಸು ಎಂದರು. ಆದರೆ ನಾನು ಎರಡೂ ಕಡೆ ನಿಂತೆ. ಯಾರ ಕೊಡಕ್ಕೂ ಬೀಳದ ನೀರು, ಯಾರೂ ಪಾಳಿ ಹಚ್ಚದ ನೀರು, ಹೀಗೆ ಬಿದ್ದು ಹೋಗುತ್ತಿದ್ದರೆ ನಮ್ಮ ಕಡೆಯವನಿಗೆ ಸಂತೋಷಕ್ಕಿಂತ ಮೊದಲು ಒಂದು ಕಸಿವಿಸಿ ಆಗುತ್ತದೆ. ಯಾರಾದರೂ ನಲ್ಲಿ ನಿಲ್ಲಿಸಬಾರದೇ ಎನಿಸುತ್ತದೆ.

ಮೂರನೆಯದು ದಾರಿಯ ತಿರುವಿನಲ್ಲಿ ಒಮ್ಮೆಗೇ ಎದುರಿಗೆ ಬಂತು. ಕಣಿವೆಯ ಅಗಲಕ್ಕೂ ಒಂದು ಬಂಡೆಯ ಚಾಚು, ಅದರ ಅಂಚಿನಿಂದ ನೀರು ಪರದೆಯ ಹಾಗೆ ನೇರ ಕೆಳಗೆ. ಚಾಚಿನ ಅಡಿಯಲ್ಲಿ, ಬಂಡೆಗೂ ನೀರಿಗೂ ನಡುವೆ, ಒಬ್ಬೊಬ್ಬರೇ ಹೋಗುವಷ್ಟು ಹಾದಿ. ನೀರಿನ ಹಿಂದೆಯೇ ನಡೆದು ಆಚೆ ದಡ ಸೇರಬಹುದು. ಹಿಂದೆ ಕುರಿಗಳನ್ನು ಹೀಗೆಯೇ ದಾಟಿಸುತ್ತಿದ್ದರಂತೆ.

ನನಗೆ ಮನಸ್ಸಿರಲಿಲ್ಲ. ಆದರೆ ಬೀಗರು ಇವಾನ್ಸರ ಕಡೆ ತಿರುಗಿ, "ಹೋಗೂಣು ನಡ್ರಿ. ಅಂಜೂ ಮಂದಿ ಇಲ್ಲೇ ಕುಂಡರಲಿ," ಎಂದರು. ಆಮೇಲೆ ನಾನು ಕುಳಿತುಕೊಳ್ಳುವುದು ಹೇಗೆ?

ಮೊದಲು ಇವಾನ್ಸ್, ಅವರ ಹಿಂದೆ ಗಂಟು ಹಿಡಿದ ಬೀಗರು, ಕೊನೆಗೆ ನಾನು.

ನೀರಿನ ಹಿಂದೆ

ಒಳಗೆ ಕಾಲಿಟ್ಟ ಕೂಡಲೇ ಜಗತ್ತು ಬದಲಾಯಿತು. ಹೊರಗೆ ನಿಂತಾಗ ಅದು ಸದ್ದು. ಒಳಗೆ ಅದು ಸದ್ದಲ್ಲ, ಮೈಮೇಲೆ ಬಿದ್ದ ಭಾರ. ಎಡಗಡೆ ಒಸರುವ ಬಂಡೆ, ಬಲಗಡೆ ಕೈ ಚಾಚಿದರೆ ಸಿಗುವ ಬಿಳಿಯ ಗೋಡೆ. ಕನ್ನಡಕದ ತುಂಬ ಹನಿ. ಇವಾನ್ಸ್ ಮುಂದೆ ಮಸುಕಾಗಿ ಮರೆಯಾದರು. ನಾನು ಬೂಟಿನ ತುದಿಯನ್ನೇ ನೋಡುತ್ತ ನಡೆದು ಬೀಗರ ಬೆನ್ನಿಗೆ ಢಿಕ್ಕಿ ಹೊಡೆದೆ.

ಅವರು ನಿಂತುಬಿಟ್ಟಿದ್ದರು. ಮುಂದೆ ಹೋಗಿ ಎಂದು ಬೆನ್ನು ತಟ್ಟಿದೆ. ಅಲುಗಲಿಲ್ಲ. ಮೂರು ದಿನದ ಮೌನ ಮುರಿದು ಕೂಗಿದೆ. ನನ್ನ ಕೂಗು ನನಗೇ ಕೇಳಿಸಲಿಲ್ಲ. ಅವರ ಮುಖ ಇಣುಕಿ ನೋಡಿದೆ. ಅಂಥ ಮುಖವನ್ನು ನಾನು ಅವರಲ್ಲಿ ಕಂಡಿರಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿದ್ದವು, ತುಟಿ ಬಿಳುಪೇರಿತ್ತು, ಎರಡೂ ಕೈಯಿಂದ ಬಂಡೆಯನ್ನು ತಬ್ಬಿಕೊಂಡಿದ್ದರು. ತಬ್ಬಲು ಕೈ ಬಿಟ್ಟಾಗಲೇ ಬೆಳ್ಳುಳ್ಳಿಯ ಗಂಟು ಟವೆಲಿನ ಸಮೇತ ನೀರು ಸೇರಿತ್ತು.

ಹಾಸ್ಯ ಅಲ್ಲಿಗೆ ಮುಗಿಯಿತು. ಕಾಲಡಿಯ ಕಲ್ಲು ಸಾಬೂನಿನಂತಿತ್ತು. ಅವರು ಕುಸಿದರೆ ಹಿಡಿಯುವ ಶಕ್ತಿ ನನ್ನಲ್ಲಿರಲಿಲ್ಲ. ಮಗಳು ಬಾಣಂತಿ, ಮನೆಯಲ್ಲಿ ಅವರ ಹೆಂಡತಿ. ಅವರಿಗೆ ಏನು ಹೇಳಲಿ? ಬೇರೆ ಏನೂ ತೋಚದೆ ಅವರ ಸೊಂಟದ ಸುತ್ತ ಕೈ ಹಾಕಿ, ಕಿವಿಗೆ ಬಾಯಿ ಹಚ್ಚಿ, ಹೆಸರು ಹಿಡಿದು ಕೂಗಿದೆ. ರುದ್ರಗೌಡ್ರ, ರುದ್ರಗೌಡ್ರ, ಎಂದು ಮತ್ತೆ ಮತ್ತೆ ಕೂಗಿದೆ. ನಡುವೆ ಗೌಡ್ರ ಎನ್ನುವುದೂ ಬಿಟ್ಟುಹೋಯಿತು. ಬರೀ ರುದ್ರಾ ಎನ್ನತೊಡಗಿದೆ.

ಅವರು ಕಣ್ಣು ತೆರೆದರು. ನನ್ನ ಕಿವಿಯ ಹತ್ತಿರ ಬಂದು ಒಡೆದ ದನಿಯಲ್ಲಿ ಏನೋ ಅಂದರು. ಅರ್ಧ ನೀರು ತಿಂದಿತು, ಅರ್ಧ ನನಗೆ ಬಂತು.

"ನಿಮ್ಮ ಅವ್ವನ ಹೆಸರೇ ಇಡೂಣ್ರಿ ಮಾಸ್ತರ. ನನ್ನ ಇಲ್ಲಿಂದ ಹೊರಗ ಒಯ್ರಿ."

ಮುಂದೆ ಹೋಗುವ ಮಾತಿರಲಿಲ್ಲ. ಬಂದ ದಾರಿ ನನ್ನ ಬೆನ್ನಿಗಿತ್ತು. ಅವರ ಒಂದು ಕೈಯನ್ನು ನನ್ನ ಕೋಟಿನ ಬೆಲ್ಟಿಗೆ ಸಿಕ್ಕಿಸಿ, ಇನ್ನೊಂದನ್ನು ಬಂಡೆಯ ಮೇಲೆ ಇಡಿಸಿ, ನಾನು ತಿರುಗಿ ಹೆಜ್ಜೆ ಇಟ್ಟೆ. ಒಂದು ಹೆಜ್ಜೆ, ಒಂದು ಸಲ ಅವರ ಹೆಸರು. ಹೀಗೆ ಬೆಳಕಿಗೆ ಬಂದೆವು.

ಬಂಡೆಯ ಮೇಲೆ

ಆಚೆ ದಡದಲ್ಲಿ ನಮಗಾಗಿ ಕಾದು, ನಾವು ಬಾರದ್ದನ್ನು ನೋಡಿ, ಇವಾನ್ಸ್ ಮತ್ತೆ ನೀರಿನ ಹಿಂದಿನಿಂದ ವಾಪಸು ಬಂದರು. ಬಂಡೆಯ ಮೇಲೆ ಒದ್ದೆ ಕಾಗೆಗಳ ಹಾಗೆ ಕುಳಿತಿದ್ದ ನಮ್ಮನ್ನು ನೋಡಿ ಈ ಸಲ ಸೊಗಸು ಎನ್ನಲಿಲ್ಲ. ಥರ್ಮಾಸ್ ತೆರೆದು ಇಬ್ಬರಿಗೂ ಚಹಾ ಕೊಟ್ಟರು, ತಮ್ಮ ಸ್ವೆಟರನ್ನು ಬಿಚ್ಚಿ ಬೀಗರ ಹೆಗಲಿಗೆ ಹಾಕಿ, ಸ್ವಲ್ಪ ದೂರ ಹೋಗಿ ಬೆನ್ನು ತಿರುಗಿಸಿ ನಿಂತರು. ಮನುಷ್ಯ ನಾಚಿಕೊಂಡಾಗ ಅವನನ್ನು ನೋಡಬಾರದೆಂಬ ತಿಳಿವಳಿಕೆ ಆ ನಾಡಿನವರಿಗೆ ಹುಟ್ಟಿನಿಂದಲೇ ಇರುತ್ತದೆಯೋ ಏನೋ.

ಬೀಗರು ಚಹಾ ಮುಗಿಸಿ, ಖಾಲಿ ಲೋಟದೊಳಗೆ ನೋಡುತ್ತ ಹೇಳಿದರು. ಅವರು ಚಿಕ್ಕವರಿದ್ದಾಗ ಮೈ ಸುಡುವ ಜ್ವರ ಬಂದಿತ್ತಂತೆ. ತಾಯಿ ಬಗಲಿಗೆ ಎತ್ತಿಕೊಂಡು ಕಲಘಟಗಿಗೆ ಔಷಧಕ್ಕೆ ಒಯ್ದು, ತಿರುಗಿ ಬರುವಾಗ ಹಳ್ಳಕ್ಕೆ ಇಳಿದಳು. ಇಳಿದಾಗ ಮೊಣಕಾಲುದ್ದ ಇದ್ದ ನೀರು ನಡುವೆ ಬರುವಷ್ಟರಲ್ಲಿ ಎದೆಗೆ ಬಂತು. ಎಲ್ಲೋ ಮೇಲೆ ಮಳೆಯಾಗಿತ್ತು. ನಡುಹಳ್ಳದ ಒಂದು ಹೊಂಗೆಯ ಗಿಡ ಕೈಗೆ ಸಿಕ್ಕಿತು. ಮಗನನ್ನು ಹೆಗಲ ಮೇಲೆ ಹೊತ್ತು, ಗಿಡ ತಬ್ಬಿ, ಹೊತ್ತು ಮುಳುಗುವ ತನಕ ನಿಂತಳು.

"ಆ ಸಪ್ಪಳ ನೋಡ್ರಿ, ಅದ ಸಪ್ಪಳ ಇಲ್ಲೂ," ಎಂದರು ರುದ್ರಗೌಡರು. "ನಾ ಜ್ವರದಾಗ ನಿದ್ದಿಗೆ ಜಾರ್ತಿದ್ದೆ. ಕೈ ಬಿಟ್ರ ಹೋದೆ. ಅದಕ್ಕ ಅವ್ವ ಒಂದ ಸವನ ಕಿವ್ಯಾಗ ರುದ್ರಾ, ರುದ್ರಾ ಅಂತ ಕೂಗಿದ್ಳು. ಮರುದಿನ ಆಕಿಗೆ ದನೀನ ಇರಲಿಲ್ಲ."

ಎರಡು ವರ್ಷದ ಬೀಗತನದಲ್ಲಿ ಅವರ ಗದ್ದೆಯ ಅಳತೆ, ಅವರ ದನಗಳ ಹೆಸರು ಎಲ್ಲ ನನಗೆ ಗೊತ್ತಾಗಿತ್ತು. ಇದು ಗೊತ್ತಿರಲಿಲ್ಲ. ಆ ಹೆಸರನ್ನು ನಾನು ನಕ್ಕು ತಳ್ಳಿಹಾಕಿದ್ದೆ. ಅಡಿವೆವ್ವನ ಹೆಸರೇ ಇಡೋಣ ಎಂದೆ.

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಅದು ಆಗುವುದಿಲ್ಲ, ಒಳಗೆ ಮಾತು ಕೊಟ್ಟಿದ್ದೇನೆ, ಫಕೀರವ್ವನೇ ಆಗಬೇಕು ಎಂದರು. ಅಂಜಿದ ಮನುಷ್ಯನಿಂದ ಕಸಿದುಕೊಂಡ ಹೆಸರು ನನಗೆ ಬೇಡ ಎಂದೆ. ಯಾರು ಅಂಜಿದ್ದು ಎಂದು ಅವರು ಎದ್ದು ನಿಂತರು. ನೀವೇ ಎಂದು ನಾನೂ ಎದ್ದೆ. ತಂಬೂರದ ಗೌಡ ಆಡಿದ ಮಾತಿಗೆ ತಪ್ಪುವುದಿಲ್ಲ ಎಂದು ಅವರು, ನವಲಗುಂದದವನು ಬಿಟ್ಟ ಹೆಸರನ್ನು ಮತ್ತೆ ಎತ್ತಿಕೊಳ್ಳುವುದಿಲ್ಲ ಎಂದು ನಾನು. ದೂರದಲ್ಲಿದ್ದ ಇವಾನ್ಸ್ ಗಾಬರಿಯಿಂದ ಓಡಿ ಬಂದು ನಮ್ಮ ನಡುವೆ ನಿಂತರು. ಜಗಳವಲ್ಲ, ಒಬ್ಬರಿಗೊಬ್ಬರು ಉಪಕಾರ ಮಾಡುತ್ತಿದ್ದೇವೆ ಎಂದು ನಾನು ನನ್ನ ಪುಸ್ತಕದ ಇಂಗ್ಲಿಷಿನಲ್ಲಿ ಎಷ್ಟು ಬಿಡಿಸಿ ಹೇಳಿದರೂ ಅವರಿಗೆ ನಂಬಿಕೆ ಬರಲಿಲ್ಲ. ಕಾರಿನಲ್ಲಿ ನನ್ನನ್ನು ಮುಂದೆ, ಬೀಗರನ್ನು ಹಿಂದೆ ಕೂರಿಸಿದರು. ನಾವು ಸೀಟಿನ ಮೇಲಿಂದ ತಿರುಗಿ ತಿರುಗಿ ಮಾತಾಡುತ್ತಲೇ ಬಂದೆವು. ಮೂರು ದಿನದ ಬಾಕಿ ಮಾತು ಅಷ್ಟಿತ್ತು.

ಮತ್ತೆ ಮನೆ

ಬಾಗಿಲು ತೆಗೆದ ನನ್ನಾಕೆ ನಮ್ಮ ಒದ್ದೆ ಬಟ್ಟೆಯನ್ನು ನೋಡಿದಳೇ ಹೊರತು ಏನಾಯಿತೆಂದು ಕೇಳಲಿಲ್ಲ. ಮನೆಯಲ್ಲಿ ಅಂದು ಏನೋ ಒಂದು ಹಗುರವಿತ್ತು. ಬೀಗತಿ ಹಾಡು ಗುನುಗುತ್ತ ಕೂಸಿಗೆ ಎಣ್ಣೆ ಹಚ್ಚುತ್ತಿದ್ದರು. ನಾನು ಕೆಮ್ಮಿ, ಹೆಸರಿನ ವಿಷಯದಲ್ಲಿ ನಾವು ಹಿರಿಯರು ಒಂದು ವಿಚಾರಕ್ಕೆ ಬರುತ್ತಿದ್ದೇವೆ ಎಂದು ಶುರುಮಾಡಿದೆ.

ಹೆಸರು ಇಟ್ಟಾಯಿತು ಎಂದಳು ನನ್ನಾಕೆ. ನಮ್ಮ ಕಾರು ತಿರುವು ದಾಟಿದ ಮೇಲೆ ಮಗ ಜನನ ನೋಂದಣಿ ಕಚೇರಿಗೆ ಹೋಗಿ ಬರೆಸಿ ಬಂದಿದ್ದನಂತೆ. ಸುಮಾ. ಬಾಣಂತಿ ಆರಿಸಿದ್ದು, ಬೀಗತಿಯರಿಬ್ಬರೂ ಒಪ್ಪಿದ್ದು.

ನಾವು ಬರುವ ತನಕ ಕಾಯಬಾರದಿತ್ತೇ ಎಂದು ಬೀಗರು ನೊಂದು ಕೇಳಿದರು.

"ನೀವಿಬ್ರೂ ಒಂದಾಗೂತನಾ ಕಾಯ್ಕೋತ ಕುಂತಿದ್ರ," ಎಂದಳು ನನ್ನಾಕೆ, "ಕೂಸಿಗೆ ಮದಿವಿ ವಯಸ್ಸು ಬರತಿತ್ರಿ."

ರುದ್ರಗೌಡರು ನನ್ನ ಕಡೆ ನೋಡಿದರು. ನಾನು ಅವರ ಕಡೆ ನೋಡಿದೆ. ಅವರು ಹೋಗಿ, ಹೆಂಡತಿಯ ಮಡಿಲಿನಿಂದ ಕೂಸನ್ನು ಎತ್ತಿಕೊಂಡು, ಅದರ ಕಿವಿಯಲ್ಲಿ ಎಲ್ಲರಿಗೂ ಕೇಳಿಸುವಂತೆ ಫಕೀರವ್ವಾ ಎಂದು ಕರೆದರು. ನಾನು ಹೋಗಿ ಇನ್ನೊಂದು ಕಿವಿಯಲ್ಲಿ ಅಡಿವೆವ್ವಾ ಎಂದೆ.

ಮೊಮ್ಮಗಳಿಗೆ ಈಗ ಮಾತು ಬಂದಿದೆ. ಹೋದ ಬೇಸಿಗೆಯಲ್ಲಿ ಊರಿಗೆ ಬಂದಿದ್ದಳು. ಫಕೀರವ್ವಾ ಎಂದರೆ ಓ ಎಂದು ತಂಬೂರದ ಅಜ್ಜನ ಕಡೆ ಓಡುತ್ತಾಳೆ, ಅಡಿವೆವ್ವಾ ಎಂದರೆ ಓ ಎಂದು ನನ್ನ ಕಡೆ. ಸುಮಾ ಎಂದು ಕರೆದರೆ ಮಾತ್ರ ಬರುವುದಿಲ್ಲ. ಆ ಹೆಸರಿನಿಂದ ಅವಳ ತಾಯಿ ಬೈಯುವುದಕ್ಕೆ ಕರೆಯುತ್ತಾಳೆ. ಕೇಳಿದ ಕೂಡಲೇ ಬಂದು ನಮ್ಮಿಬ್ಬರ ಬೆನ್ನ ಹಿಂದೆ ಅಡಗುತ್ತಾಳೆ.